ನಲವತ್ತೊಂದನೇ ನಂಬರಿನ ಯೋಗ್ಯತೆ

ಸೇನಾ ಅಕಾಡೆಮಿಗೆ ಹೊರಗಿನಿಂದ ಸಂಶೋಧಕರು ಬಂದರು. ನಾಡಿ, ದಣಿವು ಅಳೆಯುವ ಯಂತ್ರವಿದ್ದ, ನಂಬರು ಹಾಕಿದ ಕೈಪಟ್ಟಿಗಳನ್ನು ತಂದು ಕೆಡೆಟ್‌ಗಳಿಗೆಲ್ಲ ಕಟ್ಟಿದರು. ಯಾರು ಒಳ್ಳೆಯ ಅಧಿಕಾರಿ ಆಗ್ತಾರೆ ಅಂತ ಅದೇ ಹೇಳುತ್ತದಂತೆ.

ಅವರ ಪ್ರೊಫೆಸರು ಲಾಯದ ಆಳಿಗೂ ನಲವತ್ತೊಂದನೇ ನಂಬರಿನ ಪಟ್ಟಿ ಎಸೆದರು. "ನಿನ್ನ ಯೋಗ್ಯತೆಯನ್ನೂ ಯಂತ್ರ ನೋಡಲಿ. ಕಡಿಮೆ ಬಂದರೆ ಕೆಲಸ ಹೋಯ್ತು."

ಆಳು ತಲೆಯಾಡಿಸಿದ. ಪಟ್ಟಿಯನ್ನು ಸಾಮಾನು ಹೊರುವ ಹೇಸರಗತ್ತೆಯ ಮುಂಗಾಲಿಗೆ ಕಟ್ಟಿದ.

ವಾರ ಕಳೆದು ಪ್ರೊಫೆಸರು ಕರ್ನಲ್ ಎದುರು ಫಲಿತಾಂಶ ಓದಿದರು. "ನಲವತ್ತೊಂದನೇ ನಂಬರಿನವನೇ ಮೊದಲಿಗ. ಹೊರೆ ಹೊತ್ತು ಗುಡ್ಡ ಹತ್ತಿದರೂ ದಣಿದಿಲ್ಲ. ಹುಟ್ಟು ಸೇನಾಧಿಕಾರಿ. ಎಲ್ಲಿದ್ದಾನೆ? ನಾನೇ ಕೈಕುಲುಕಬೇಕು."

"ಲಾಯದಲ್ಲಿ ಹುಲ್ಲು ತಿಂತಿದಾನೆ ಸಾರ್," ಅಂದ ಆಳು.

ಪ್ರೊಫೆಸರು ಚಾಚಿದ ಕೈ ಹಾಗೇ ನಿಂತಿತು. ಕರ್ನಲ್ ಮೀಸೆಯಲ್ಲೇ ನಕ್ಕರು.

"ಮುಂದಿನಿಂದ ಹೋಗಿ ಸಾರ್," ಆಳು ಸೇರಿಸಿದ. "ಹಿಂದಿನಿಂದ ಹೋದರೆ ಅವನು ಸೆಲ್ಯೂಟ್ ಹೊಡೆಯೋದು ಕಾಲಲ್ಲಿ."