ಮಹಾರಾಜರ ಲೋಹದ ಹಲ್ಲು ತಿಂದವರು ಯಾರು

ಡಂಗುರದವನು ಕೋಟೆಬಾಗಿಲಲ್ಲಿ ನಿಂತು ಸಾರಿದ್ದು ಇಷ್ಟು: "ಚಂಡರಾಯ ಮಹಾರಾಜರ ಟೈಟಾನಿಯಂ ಹಲ್ಲು ಕಪ್ಪಾಗಿ, ಗುಳಿಬಿದ್ದು, ಅಲ್ಲಾಡುತ್ತಿದೆ. ಅದನ್ನು ಕೂರಿಸಿದ ಮೌನೇಶಾಚಾರಿಗೆ ಅಮಾವಾಸ್ಯೆಯಂದು ಗಲ್ಲು. ರಾಜಕುಮಾರಿ ಕೇಳುವ ಮೂರು ಒಗಟು ಬಿಡಿಸಿದರೆ ಆಚಾರಿ ಉಳಿಯುತ್ತಾನೆ, ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವನಿಗೂ ಅದೇ ಗಲ್ಲು."

ನೋಡಿ ಇವರ ನ್ಯಾಯ. ಹಲ್ಲು ಯಾಕಪ್ಪಾ ಕೆಟ್ಟಿತು ಅಂತ ಆಚಾರಿಯನ್ನು ಒಂದು ಮಾತು ಕೇಳಲಿಲ್ಲ. ತುಕ್ಕು ಹಿಡಿಯಲ್ಲ ಅಂದಿದ್ದೆಯಲ್ಲ, ನಡಿ ಸೆರೆಮನೆಗೆ, ಅಷ್ಟೇ. ರಾಜಕುಮಾರಿ ನೀಲಾಂಬೆಯೊಬ್ಬಳೇ ಸೆರೆಮನೆಗೆ ಹೋಗಿ ಅವನ ಮಾತು ಕೇಳಿಬಂದಳು. ಆದರೆ ನೇರವಾಗಿ ಹೇಳಿದರೆ ಅಪ್ಪ ಆಕಳಿಸುತ್ತಾನೆ, ಒಗಟೆಂದರೆ ಮಾತ್ರ ಕಿವಿ ಕೊಡುತ್ತಾನೆ. ಆದ್ದರಿಂದ ಆಚಾರಿಗೆ ಗೊತ್ತಿದ್ದ ಎರಡು ಸಂಗತಿಯನ್ನೂ, ಅವನಿಗೂ ತಿಳಿಯದ ಒಂದನ್ನೂ ಒಗಟು ಮಾಡಿದಳು.

ಮೊದಲು ಸೇನಾಪತಿಯ ಮಗ ಬಂದ. ಮಹಾರಾಜರು ಎಂದಿನಂತೆ ಕೆನ್ನೆ ಉಬ್ಬಿಸಿಕೊಂಡು ಸಿಂಹಾಸನದಲ್ಲಿ ಕೂತಿದ್ದರು. ಜನ ಅದನ್ನು ಗಾಂಭೀರ್ಯ ಅಂದುಕೊಂಡಿದ್ದರು.

"ಯಾವ ಕಮ್ಮಾರನೂ ಬಡಿಯದ ಕವಚ. ಕಣ್ಣಿಗೆ ಕಾಣದು. ಗೀರಿದರೆ, ಗಾಳಿ ತಾಗಿದ ಕೂಡಲೇ ತಾನಾಗಿ ಕೂಡಿಕೊಳ್ಳುತ್ತದೆ. ಏನದು?" ಎಂದಳು ನೀಲಾಂಬೆ.

"ಮಹಾರಾಜರ ಕೀರ್ತಿ," ಎಂದ ಅವನು ಮೀಸೆ ತಿರುವಿ. ಸೆರೆಮನೆಗೆ ಹೋದ. ನೆರೆರಾಜ್ಯದ ಯುವರಾಜ "ಪ್ರೇಮ" ಎಂದ. ಅವನೂ ಹೋದ. ಅವರಿಬ್ಬರ ಉತ್ತರ ಕೇಳಿ ಒಳಗಿದ್ದ ಮೌನೇಶಾಚಾರಿ ಹಣೆ ಹಣೆ ಚಚ್ಚಿಕೊಂಡ.

ಅಮಾವಾಸ್ಯೆಯ ಬೆಳಿಗ್ಗೆ ಓಬಳೇಶ ಬಂದ. ಬಿಳಿಗುಂಟೆಯಿಂದ ಅರಮನೆಗೆ ನೀರಿನ ಗಾಡಿ ಹೊಡೆಯುವವನು. ಆ ಊರಿನ ಬಾವಿಯ ನೀರು ಕುಡಿದವರ ಹಲ್ಲೆಲ್ಲ ಕಂದು. ಅದಕ್ಕೇ ಅವನು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದ. ಸಭೆ ಕಿಸಕ್ಕನೆ ನಕ್ಕಿತು. ನಗುವುದಕ್ಕೇನು, ಅವರ ಮನೆಗೆ ಆ ನೀರು ಹೋಗುತ್ತಿರಲಿಲ್ಲವಲ್ಲ.

"ಎಮ್ಮೆ ಒದ್ದು ನನ್ನ ಹಲ್ಲು ಹೋದಾಗ ಮೌನೇಶಣ್ಣ ಇದೇ ಲೋಹದ್ದು ಕೂರಿಸಿದ, ಅಮ್ಮಾವ್ರೇ," ಎಂದ ಓಬಳೇಶ. "ಗಾಳಿ ತಾಗಿದರೆ ಲೋಹದ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದಂತೆ. ಆ ಪೊರೆಯೇ ಕವಚ."

ನೀಲಾಂಬೆಯ ಮುಖ ಅರಳಿತು. "ಎರಡನೆಯದು. ಹಿತಮಿತವಾಗಿದ್ದರೆ ಹುಟ್ಟಿದ ಹಲ್ಲಿಗೆ ಬಲ. ಅತಿಯಾದರೆ ಅದೇ ಹಲ್ಲಿಗೆ ಕಲೆ. ಗೆಳೆಯನೊಬ್ಬ ಜೊತೆ ಸೇರಿದರೆ ಆ ಕವಚವನ್ನೂ ಕರಗಿಸುತ್ತದೆ. ಅದು ಯಾವುದು, ಗೆಳೆಯ ಯಾರು?"

"ಅದು ನಮ್ಮೂರ ಬಾವಿಯಲ್ಲೇ ಇದೆ. ಫ್ಲೋರೈಡು. ಗೆಳೆಯ ಅಂದರೆ ಹುಳಿ. ನಿಮ್ಮೂರ ನೀರಿಗೆ ಹುಳಿ ಹಿಂಡಿ ಬಾಯಲ್ಲಿ ಇಟ್ಟುಕೋಬೇಡ ಕಣೋ ಅಂತ ಅಣ್ಣ ಅವತ್ತೇ ಹೇಳಿದ್ದ."

"ಮೂರನೆಯದು ನನಗೂ ಗೊತ್ತಿಲ್ಲ," ಎಂದಳು ಅವಳು. "ತುತ್ತು ತುತ್ತನ್ನೂ ಪರೀಕ್ಷಿಸಿ ಒಳಗೆ ಬಿಡುವ ಅರಮನೆ ಇದು. ಆ ಇಬ್ಬರೂ ಅಪ್ಪನ ಬಾಯಿ ಸೇರಿದ್ದು ಹೇಗೆ?"

ಓಬಳೇಶ ಬಾಯಿಂದ ಕೈ ತೆಗೆದ. "ನನ್ನ ಗಾಡಿಯಲ್ಲೇ. ನಮ್ಮ ನೀರು ಹಲ್ಲು ಗಟ್ಟಿ ಮಾಡುತ್ತದೆ ಅಂತ ರಾಜವೈದ್ಯರು ತರಿಸುತ್ತಾರೆ. ಹಂಡೆ ನೀರು ಚೊಂಬಿಗಿಳಿಯುವವರೆಗೆ ಕಾಯಿಸಿ, ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಈಗಲೂ ಮಹಾರಾಜರ ಬಾಯಲ್ಲಿರುವುದು ಅದೇ."

ಮಹಾರಾಜರು ಪುಸಕ್ಕನೆ ಉಗಿದರು.

"ಸುಳ್ಳು," ಎಂದರು ರಾಜವೈದ್ಯರು.

ಓಬಳೇಶ ಸಿಂಹಾಸನದ ಹತ್ತಿರ ಹೋಗಿ ಬಾಯಿ ಅಗಲಿಸಿದ. ಕಂದು ಹಲ್ಲುಗಳ ನಡುವೆ ಲೋಹದ ಹಲ್ಲೊಂದೇ ಹೊಸದರಂತಿತ್ತು.

"ಅದೇ ಆಚಾರಿ, ಅದೇ ಲೋಹ, ಅದೇ ಬಾವಿ, ಬುದ್ಧೀ. ನಾನು ಕಾಯಿಸಿ ಇಂಗಿಸಲಿಲ್ಲ, ನಿಂಬೆ ಹಿಂಡಲಿಲ್ಲ. ಲೋಹಕ್ಕೇನೂ ಆಗಲಿಲ್ಲ. ಆದರೆ ಅಕ್ಕಪಕ್ಕದ ಹಲ್ಲು ನೋಡಿ. ನಮ್ಮಜ್ಜಿಯ ಕಾಲದಿಂದ ಈ ನೀರು ಬೇಡ ಅಂತ ಇದೇ ಬಾಗಿಲಲ್ಲಿ ಗೋಗರೆದಿದ್ದೇವೆ. ಒಬ್ಬರೂ ತಿರುಗಿ ನೋಡಲಿಲ್ಲ. ತಮ್ಮದು ಒಂದೇ ಒಂದು ಹಲ್ಲು ಕೆಟ್ಟಿತು, ಊರಿಗೆಲ್ಲ ಡಂಗುರ ಹೊಡೆಸಿದಿರಿ."

ಸಭೆಯಲ್ಲಿ ಈಗ ಯಾರೂ ನಗಲಿಲ್ಲ. ಮಹಾರಾಜರು ತಲೆ ತಗ್ಗಿಸಿದರು. ಆಚಾರಿಯನ್ನೂ ತಪ್ಪು ಉತ್ತರ ಹೇಳಿ ಸೆರೆ ಸೇರಿದ್ದ ಆ ಇಬ್ಬರನ್ನೂ ಬಿಟ್ಟರು. ಏನು ಬೇಕೋ ಕೇಳು, ಬೇಕಾದರೆ ಮಗಳನ್ನೇ ಕೊಡುತ್ತೇನೆ ಎಂದರು. ನೀಲಾಂಬೆ ಅಪ್ಪನನ್ನು ದುರುಗುಟ್ಟಿ ನೋಡಿದಳು.

"ಅರಮನೆಯ ಕೆರೆಯಿಂದ ನಮ್ಮೂರಿಗೆ ಸಿಹಿನೀರಿನ ಕಾಲುವೆ ಸಾಕು," ಎಂದ ಓಬಳೇಶ.

ಕಾಲುವೆ ಬಂತು. ಆಮೇಲೆ ಬಿಳಿಗುಂಟೆಯಲ್ಲಿ ಹುಟ್ಟಿದ ಮಕ್ಕಳು ಬಾಯಿತುಂಬ ನಗುತ್ತಾರೆ. ಮಹಾರಾಜರಿಗೆ ಮೌನೇಶಾಚಾರಿ ಹೊಸ ಹಲ್ಲು ಕೂರಿಸಿದ. ಓಬಳೇಶ ಮಾತ್ರ ಇವತ್ತಿಗೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.