ಒಸ್ತಾಪ್ ಏಳು ಕೆರೆಗಳಿಂದ ಏಳು ಜನರನ್ನು ತಂದದ್ದು

ಎಷ್ಟು ಚಳಿಗಾಲಗಳ ಹಿಂದಿನದೋ, ಈಗ ಹೇಳುವವರಿಲ್ಲ. ಕೆನಡಾ ದೇಶದ ಮ್ಯಾನಿಟೋಬಾ ಸೀಮೆಯ ಬಡಗಣ ತುದಿಯಲ್ಲಿ, ಒಂದು ದೊಡ್ಡ ಕೆರೆಯ ದಂಡೆಗೆ ಒಂದು ಊರಿತ್ತಂತೆ. ಆ ಊರಿಗೆ ರಸ್ತೆ ಇರಲಿಲ್ಲ, ರೈಲು ಇರಲಿಲ್ಲ. ಹಿಟ್ಟು ಬರಬೇಕಾದರೂ ವಿಮಾನ, ಹೆಣ ಹೋಗಬೇಕಾದರೂ ವಿಮಾನ. ವಿಮಾನವೆಂದರೆ ದೊಡ್ಡದು ಅಂದುಕೊಳ್ಳಬೇಡಿ. ನಾಲ್ಕು ಜನ ಮುದುಡಿ ಕೂರುವಂಥ ಒಂಟಿ ಎಂಜಿನ್ನಿನದು. ಬೇಸಿಗೆಯಲ್ಲಿ ಅದರ ಕಾಲಿಗೆ ದೋಣಿಯಂಥ ಬುಡ ಕಟ್ಟಿ ನೀರಿನ ಮೇಲೆ ಇಳಿಸೋರು. ಕೆರೆ ಹೆಪ್ಪುಗಟ್ಟಿದ ಮೇಲೆ ಜಾರುವ ಹಲಗೆ ಹಾಕಿ ಮಂಜುಗಡ್ಡೆಯ ಮೇಲೆ ಇಳಿಸೋರು.

ಆ ಊರಿಗೆ ವಿಮಾನದ ಕಂಪನಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಮೊದಲು ಬಂದದ್ದು ಬಾಲದ ಮೇಲೆ ಕೆಂಪು ಬಾತುಕೋಳಿ ಬರೆಸಿದ ಕಂಪನಿ. ಎರಡು ವರ್ಷಕ್ಕೆ ಮುಚ್ಚಿತು. ಆಮೇಲೆ ಅಣ್ಣತಮ್ಮ ಇಬ್ಬರು ಸೇರಿ ಒಂದನ್ನು ನಡೆಸಿದರು. ಅವರಿಬ್ಬರ ನಡುವೆ ಮಾತು ನಿಂತು ಅದೂ ನಿಂತಿತು. ಮೂರನೆಯದು ನೀಲಿ ಪಟ್ಟೆಯ ಕಂಪನಿ. ಮೂರಕ್ಕೂ ಪೈಲಟ್ ಒಬ್ಬನೇ, ಒಸ್ತಾಪ್. ಅವನ ಅಂಗಿಯ ಬಣ್ಣ ಬದಲಾಗುತ್ತಿತ್ತು, ವಿಮಾನದ ಬಣ್ಣ ಬದಲಾಗುತ್ತಿತ್ತು, ಅವನು ಮಾತ್ರ ದಂಡೆಯ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಹಾಗೇ ಇದ್ದ. ಹೆಂಡತಿ ಮಕ್ಕಳಿಲ್ಲ. ಅವನ ಅಜ್ಜ ಉಕ್ರೇನಿನಿಂದ ಬಂದವನಂತೆ, ಆ ಭಾಷೆಯಲ್ಲಿ ಮಾತಾಡಲು ಆ ಊರಿನಲ್ಲಿ ಇನ್ನೊಬ್ಬರಿಲ್ಲ. ಇರುವ ಭಾಷೆಯಲ್ಲೂ ಅವನು ಹೆಚ್ಚು ಆಡುತ್ತಿರಲಿಲ್ಲ.

ಆದರೆ ಕೆರೆಗಳ ವಿಷಯದಲ್ಲಿ ಅವನಂಥವನಿಲ್ಲ. ಆ ಸೀಮೆಯಲ್ಲಿ ಕೆರೆಗಳು ಸಾವಿರಾರು, ನಕಾಶೆಯಲ್ಲಿ ಬಹುಪಾಲಿಗೆ ಹೆಸರೇ ಇಲ್ಲ. ಒಸ್ತಾಪ್ ತಾನೇ ಹೆಸರಿಟ್ಟುಕೊಂಡಿದ್ದ. ಮುರಿದ ಹುಟ್ಟಿನ ಕೆರೆ, ಕುಂಟ ನರಿಯ ಕೆರೆ, ಚಹಾ ಚೆಲ್ಲಿದ ಕೆರೆ. ಮೇಲಿನಿಂದ ನೋಡಿಯೇ ನೀರಿನ ರುಚಿ ಹೇಳುತ್ತಿದ್ದನಂತೆ. ನಂಬಿದರೆ ನಂಬಿ.

ಪ್ರತಿ ಸೆಪ್ಟೆಂಬರಿನಲ್ಲಿ ಅವನಿಗೆ ಒಂದು ಕೆಲಸ. ಬೀವರ್, ಮಿಂಕ್ ಎಂಬ ತುಪ್ಪಳದ ಪ್ರಾಣಿಗಳ ಚರ್ಮಕ್ಕಾಗಿ ಬೋನು ಹಾಕುವವರನ್ನು ಒಬ್ಬೊಬ್ಬರನ್ನಾಗಿ ದೂರದ ಕೆರೆಗಳಿಗೆ ಬಿಟ್ಟುಬರುವುದು. ಆಮೇಲೆ ಕೆರೆ ಅರೆಬರೆ ಹೆಪ್ಪುಗಟ್ಟುವ ಕಾಲ. ನೀರಿನ ಮೇಲೂ ಇಳಿಯುವಂತಿಲ್ಲ, ಗಡ್ಡೆಯ ಮೇಲೂ ಇಳಿಯುವಂತಿಲ್ಲ. ಡಿಸೆಂಬರಿನಲ್ಲಿ ಗಡ್ಡೆ ಗಟ್ಟಿಯಾದ ಮೇಲೆ ಹೋಗಿ ಅವರನ್ನು ಕರೆತರಬೇಕು. ಅಲ್ಲಿಯವರೆಗೆ ಗುಡಿಸಲು, ಒಲೆ, ಮೂಟೆ ಹಿಟ್ಟು, ಇವಿಷ್ಟೇ ಅವರ ಪಾಲಿಗೆ. ಆ ವರ್ಷ ಏಳು ಜನರನ್ನು ಬಿಟ್ಟುಬಂದಿದ್ದ. ಎಲ್ಲರಿಗಿಂತ ದೂರದವನು ಎಲ್ಜಿಯರ್ ಎಂಬ ಮುದುಕ. "ಹತ್ತನೇ ತಾರೀಕಿನೊಳಗೆ ಬರ್ತೀನಿ" ಎಂದು ಒಸ್ತಾಪ್ ಅವನಿಗೆ ಹೇಳಿದ್ದನಂತೆ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ರೇಡಿಯೊ ನೋಡಿಕೊಳ್ಳುವ ಫ್ಲೋರಾ ಅವನ ಕೋಣೆಗೆ ಬಂದಳು. ಅವಳು ಯಾವತ್ತೂ ಅವನ ಕೋಣೆಗೆ ಬಂದವಳಲ್ಲ.

"ಕಂಪನಿ ಮುಚ್ಚಿತಂತೆ, ಒಸ್ತಾಪ್. ಇವತ್ತಿಂದ ವಿಮಾನ ಮುಟ್ಟಬಾರದಂತೆ. ಗಡ್ಡೆ ಗಟ್ಟಿಯಾದ ಮೇಲೆ ಯಾರೋ ಬಂದು ತಗೊಂಡು ಹೋಗ್ತಾರಂತೆ."

"ದೂರದ ಕೆರೆಗಳಲ್ಲಿ ಏಳು ಜನ ಇದ್ದಾರೆ ಅಂತ ಹೇಳಿದೆಯಾ?"

"ಹೇಳಿದೆ. ಬೇರೆ ಕಂಪನಿಯವರನ್ನ ಕಳಿಸ್ತಾರಂತೆ. ಯಾವ ಯಾವ ಕೆರೆ, ಪಟ್ಟಿ ಕೊಡು ಅಂದರು."

ಒಸ್ತಾಪ್ ಪಟ್ಟಿ ಬರೆಯಲು ಕುಳಿತ. ಕುಂಟ ನರಿಯ ಕೆರೆ ಎಂದು ಬರೆದ. ಅದನ್ನು ಓದಿ ಯಾವ ಪೈಲಟ್ ಎಲ್ಲಿಗೆ ಹೋಗಬೇಕು? ನಕಾಶೆಯ ಮೇಲೆ ಬೆರಳಿಟ್ಟು ನೋಡಿದ. ಅಲ್ಲಿ ನೀಲಿ ಚುಕ್ಕೆಗಳು ಎಳ್ಳು ಚೆಲ್ಲಿದ ಹಾಗಿದ್ದವು. ಬೆರಳು ಗುರುತಿಸಲಿಲ್ಲ, ಮೇಲಿನಿಂದ ಹಾರಿ ನೋಡಿದರೆ ಕಣ್ಣು ಮಾತ್ರ ಗುರುತಿಸುತ್ತಿತ್ತು. ಕಾಗದ ಮಡಿಚಿ ಒಲೆಗೆ ಹಾಕಿದನಂತೆ.

ಆ ವರ್ಷ ಕೆರೆ ಗಟ್ಟಿಯಾಗುವುದೂ ತಡವಾಯಿತು. ಹತ್ತನೇ ತಾರೀಕು ಬಂತು, ಹೋಯಿತು. ದಿನಾ ಬೆಳಿಗ್ಗೆ ಒಸ್ತಾಪ್ ಹಾರೆ ಹಿಡಿದು ಕೆರೆಗೆ ಇಳಿದು ಗಡ್ಡೆ ಕುಟ್ಟಿ ನೋಡುತ್ತಿದ್ದ. ಕೊನೆಗೆ ಹಾರೆ ಪುಟಿದು ವಾಪಸು ಬಂದ ದಿನ ಎಂಜಿನ್ ಕಾಯಿಸಿದ. ಫ್ಲೋರಾ ದಂಡೆಯಲ್ಲಿ ನಿಂತಿದ್ದಳು, ಬೇಡ ಅನ್ನಲಿಲ್ಲ.

ನಾಲ್ಕು ಹಗಲಿನಲ್ಲಿ ಆರು ಜನರನ್ನು ತಂದನಂತೆ. ಹಗಲೆಂದರೆ ಅಲ್ಲಿ ಆಗ ಆರೇಳು ಗಂಟೆ. ಒಂದೊಂದು ಕೆರೆಯಲ್ಲೂ ವಿಮಾನದ ಸದ್ದಿಗೆ ಒಬ್ಬ ಮನುಷ್ಯ ಗಡ್ಡೆಯ ಮೇಲೆ ಓಡಿಬರುತ್ತಿದ್ದ. ಒಬ್ಬನಂತೂ ಮಾತೇ ಮರೆತವನ ಹಾಗೆ ಒಸ್ತಾಪನ ತೋಳು ಹಿಡಿದವನು ಊರು ತಲುಪುವವರೆಗೆ ಬಿಡಲಿಲ್ಲವಂತೆ.

ಎಲ್ಜಿಯರ್‌ನನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಕೆರೆ ದೂರ, ಮುದುಕ ತಾಳ್ಮೆಯವನು, ಕಾಯುತ್ತಾನೆ ಎಂದುಕೊಂಡಿದ್ದ. ಅಷ್ಟರಲ್ಲಿ ಪೆಟ್ರೋಲಿನ ಡ್ರಮ್ಮುಗಳು ಖಾಲಿಯಾದವು. ಹೊಸದು ಬರುವಂತಿಲ್ಲ.

"ಹೋಗೋಕೆ ಸಾಕು. ಬರೋಕೆ?" ಎಂದಳು ಫ್ಲೋರಾ.

"ನೋಡೋಣ."

"ಇನ್ನೊಂದು ವಾರಕ್ಕೆ ಪೊಲೀಸ್ ವಿಮಾನ ಬರುತ್ತೆ. ಅವರು ಹುಡುಕಿ ತರ್ತಾರೆ."

"ಅವನು ಪೊಲೀಸರನ್ನ ಕಾಯ್ತಾ ಇಲ್ಲ" ಎಂದ ಒಸ್ತಾಪ್.

ಎಲ್ಜಿಯರ್‌ನ ಕೆರೆಯಲ್ಲಿ ಇಳಿದಾಗ ಯಾರೂ ಓಡಿಬರಲಿಲ್ಲ. ಹೊಗೆಯೂ ಇಲ್ಲ. ಗುಡಿಸಲಿನೊಳಗೆ ಒಲೆ ತಣ್ಣಗಿತ್ತು, ಹಿಟ್ಟಿನ ಚೀಲ ಕೊಡವಿ ಮಡಿಸಿಟ್ಟಿತ್ತು. ಬಾಗಿಲಿನ ಒಳಮೈಯಲ್ಲಿ ಚಾಕುವಿನಿಂದ ಕೊರೆದ ಗೆರೆಗಳಿದ್ದವು, ದಿನಕ್ಕೊಂದು. ಹತ್ತನೇ ತಾರೀಕಿನ ಗೆರೆ ಉದ್ದವಾಗಿ, ಆಳವಾಗಿತ್ತು. ಅದರ ಮುಂದೆ ಒಂಬತ್ತು ಚಿಕ್ಕ ಗೆರೆಗಳು. ಮೊದಮೊದಲಿನವು ನೆಟ್ಟಗಿದ್ದವು. ಕೊನೆಯದು ಗೀಚಿದ ಹಾಗಿತ್ತು.

ಒಸ್ತಾಪ್ ಮುದುಕನ ಮಂಚದ ಮೇಲೆ ಕುಳಿತ. ಇಷ್ಟು ವರ್ಷ ಎಷ್ಟೋ ಜನರನ್ನು ಎಷ್ಟೋ ಕೆರೆಗಳಲ್ಲಿ ಬಿಟ್ಟು ಮೇಲೆ ಹಾರಿದ್ದ. ವಿಮಾನ ಹೋದ ಮೇಲೆ ಕೆಳಗೆ ಏನು ಉಳಿಯುತ್ತದೆ ಎಂದು ಅವನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಈಗ ಕೇಳಿಸಿಕೊಂಡ. ಏನೂ ಇರಲಿಲ್ಲ. ತನ್ನ ಉಸಿರು ಮಾತ್ರ. ಊರಿನ ಶೆಡ್ಡಿನ ಹಿಂದೆ ತಾನಿರುವ ಕೋಣೆಯಲ್ಲೂ ಇದೇ ಇತ್ತಲ್ಲ ಎಂದು ಅನ್ನಿಸಿ, ಅಲ್ಲಿ ಇನ್ನು ಕೂರಲಾಗದೆ ಎದ್ದನಂತೆ.

ಹೊರಗೆ ತೆಂಕಣ ದಿಕ್ಕಿಗೆ ಹಿಮದ ಮೇಲೆ ಹೆಜ್ಜೆ ಗುರುತು ಇತ್ತು. ಎಂಜಿನ್ನಿನ ಎಣ್ಣೆ ಅದರೊಳಗೇ ಹೆಪ್ಪುಗಟ್ಟದಂತೆ ಬಸಿದು ಡಬ್ಬಿಯಲ್ಲಿ ಗುಡಿಸಲಿನೊಳಗೆ ಇಟ್ಟ. ಹಿಮದ ಮೇಲೆ ಜಾರಿಸುವ ಮುದುಕನ ಎಳೆಬಂಡಿ ಗೋಡೆಗೆ ಒರಗಿತ್ತು, ಅದನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು ಹೊರಟ. ಮಾರನೇ ದಿನ ಮಧ್ಯಾಹ್ನ ಒಂದು ಸ್ಪ್ರೂಸ್ ಮರದ ಬುಡದಲ್ಲಿ ಎಲ್ಜಿಯರ್ ಸಿಕ್ಕಿದ. ಕಾಲು ಮರಗಟ್ಟಿ ಏಳಲಾರದೆ ಕುಳಿತಿದ್ದ, ಬೆಂಕಿ ಬೂದಿಯಾಗಿತ್ತು.

"ಸದ್ದು ಕೇಳಿಸ್ತು" ಎಂದ ಮುದುಕ. "ತಿರುಗಿ ಬರೋಕೆ ಕಾಲು ಬರಲಿಲ್ಲ."

"ತಡ ಮಾಡಿದೆ. ನಿನ್ನ ಕೊನೆಗೆ ಇಟ್ಟೆ" ಎಂದ ಒಸ್ತಾಪ್.

ಮುದುಕ ಕೈ ಚಾಚಿದ, ಎತ್ತಿಕೋ ಎಂಬಂತೆ. ಒಸ್ತಾಪ್ ಕೈಗವಸು ಕಳಚಿ ಬರಿಗೈಯಲ್ಲಿ ಅದನ್ನು ಹಿಡಿದ.

ಎಳೆಬಂಡಿಯಲ್ಲಿ ಮಲಗಿಸಿ, ಬಂದ ದಾರಿಯನ್ನೆಲ್ಲ ಎಳೆದುಕೊಂಡು ಬಂದ. ಎಣ್ಣೆ ಕಾಯಿಸಿ ಎಂಜಿನ್ನಿಗೆ ಹೊಯ್ದು ಮೇಲೆ ಹಾರಿದ. ಊರು ಕಾಣುವಷ್ಟರಲ್ಲಿ ಪೆಟ್ರೋಲ್ ಮುಗಿಯಿತು. ಊರವರು ಸದ್ದು ಕೇಳಿ ಹೊರಗೆ ಬಂದರು, ಸದ್ದು ಫಕ್ಕನೆ ನಿಂತಿತು. ಆಮೇಲೆ ಮರಗಳ ನೆತ್ತಿ ಸವರಿಕೊಂಡು, ಗೂಬೆಯ ಹಾಗೆ ಸದ್ದಿಲ್ಲದೆ ವಿಮಾನ ಬಂದು ಕೆರೆಗೆ ಇಳಿಯಿತಂತೆ. ಸದ್ದಿಲ್ಲದೆ ಎರಡು ಮೈಲಿ ಬಂತು ಅಂತಾರೆ. ಐದು ಅನ್ನುವವರೂ ಇದ್ದಾರೆ.

ಎಲ್ಜಿಯರ್ ಕಾಲ್ಬೆರಳುಗಳನ್ನು ಕಳೆದುಕೊಂಡ, ಬದುಕಿದ. ಒಸ್ತಾಪ್ ಮುಟ್ಟಬಾರದ ವಿಮಾನ ಮುಟ್ಟಿದ್ದಕ್ಕೆ ವಿಚಾರಣೆಯಾಯಿತು. ಪಟ್ಟಣದಿಂದ ಬಂದ ಅಧಿಕಾರಿ ಮುದುಕನನ್ನು ಕೇಳಿದ, "ನಿಮ್ಮನ್ನು ಅಲ್ಲಿ ಬಿಟ್ಟದ್ದು ಯಾವ ಕಂಪನಿ?"

"ಕಂಪನಿ ಗೊತ್ತಿಲ್ಲ" ಎಂದನಂತೆ ಎಲ್ಜಿಯರ್. "ಬಿಟ್ಟವನು ಒಸ್ತಾಪ್. ಕರೆತಂದವನೂ ಒಸ್ತಾಪ್."

ಅಧಿಕಾರಿ ಕೆಟ್ಟವನಲ್ಲ. ಆದರೂ ಕಾಯಿದೆ ಕಾಯಿದೆಯೇ. ಒಸ್ತಾಪನ ಪೈಲಟ್ ಲೈಸೆನ್ಸ್ ಹೋಯಿತು. ಅವನು ಮತ್ತೆ ಹಾರಲಿಲ್ಲ. ಮುಂದಿನ ಬೇಸಿಗೆಗೆ ಹಳದಿ ವಿಮಾನಗಳ ಕಂಪನಿ ಬಂತು, ಅವನು ಅದೇ ದಂಡೆಯಲ್ಲಿ ಡ್ರಮ್ಮು ಉರುಳಿಸುವ ಕೆಲಸಕ್ಕೆ ನಿಂತ. ಹೊಸ ಪೈಲಟ್‌ಗಳನ್ನು ಕೂರಿಸಿಕೊಂಡು ಒಂದೊಂದೇ ಕೆರೆಯ ಆಕಾರ ಹೇಳಿಕೊಟ್ಟ. ಅವರು ಮೇಲೆ ಹಾರಿದರೆ ಚುಕ್ಕೆಯಾಗಿ ಕರಗುವ ತನಕ ನೋಡುತ್ತಿದ್ದ, ಆಮೇಲೂ ಸ್ವಲ್ಪ ಹೊತ್ತು ನೋಡುತ್ತಿದ್ದ. ಭಾನುವಾರಗಳಲ್ಲಿ ಎಲ್ಜಿಯರ್ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದನಂತೆ. ಇಬ್ಬರೂ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಮುದುಕ ಸತ್ತ ಮೇಲೆ ಆ ಜಾಗ ಖಾಲಿಯಾಗಿಯೇ ಉಳಿಯಿತು. ಫ್ಲೋರಾ ಒಮ್ಮೆ ಹೋಗಿ ಕೂರೋಣ ಅಂದುಕೊಂಡವಳು ಅರ್ಧ ದಾರಿಯಿಂದ ವಾಪಸು ಬಂದಳಂತೆ.

ಒಸ್ತಾಪ್ ಹೋಗಿ ಎಷ್ಟೋ ಕಾಲವಾಯಿತು. ಹಳದಿ ಕಂಪನಿಯೂ ಹೋಯಿತು, ಅದರ ಹಿಂದೆ ಬಂದವೂ ಹೋದವು. ಎಷ್ಟೆಂದು ಊರವರಿಗೇ ನೆನಪಿಲ್ಲ. ಆದರೆ ಆ ಸೀಮೆಯಲ್ಲಿ ಇವತ್ತಿಗೂ, ಯಾರನ್ನಾದರೂ ಒಂಟಿ ಕೆರೆಯಲ್ಲಿ ಬಿಟ್ಟು ಹೊರಡುವ ಮುಂಚೆ, ಪೈಲಟ್ ಎಷ್ಟೇ ಚಳಿಯಿದ್ದರೂ ಕೈಗವಸು ಕಳಚಿ ಬರಿಗೈ ಕೊಡುತ್ತಾನೆ. ಬರುವ ದಿನ ಹೇಳುತ್ತಾನೆ. ಕಂಪನಿಯ ಹೆಸರು ಹೇಳುವುದಿಲ್ಲ, ತನ್ನ ಹೆಸರು ಹೇಳುತ್ತಾನೆ. ಬಿಟ್ಟುಬಂದವರನ್ನೆಲ್ಲ ಕರೆತರುವ ತನಕ ಅಲ್ಲಿ ಯಾವ ಪೈಲಟ್ಟೂ ಕೆಲಸ ಬಿಟ್ಟು ಹೋಗುವುದಿಲ್ಲ.