ಅಮೃತಹಸ್ತದಿಂದ ಒಂದು ಸುತ್ತು

ಹಾಲಿನ ಸೊಸೈಟಿ ಅಧ್ಯಕ್ಷ ಪರಪ್ಪನವರು ತಮ್ಮ ಪುಟ್ಟ ಕಾರು ಜೋರಾಗಿ ಓಡಲೆಂದು ದೊಡ್ಡ ಕಾರಿನ ಇಂಜಿನ್ ಮುಚ್ಚಳ, ಅಂದರೆ ಸಿಲಿಂಡರ್ ಹೆಡ್, ತಂದರು. “ಸಂಜಿಯೊಳಗ ಕೂರಿಸು. ಇಂಜಿನ್ ಕೆಟ್ರ ನನ್ನ ಮಳಿಗಿ ಖಾಲಿ ಮಾಡು.”

“ವಾಲ್ವು ಪಿಸ್ಟನ್‌ಗೆ ಬಡೀತದ್ರಿ,” ಎಂದ ಅವರ ಮಳಿಗೆಯಲ್ಲೇ ಬಾಡಿಗೆಗೆ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್ ದಾವಲಸಾಬ.

“ನನಗ ಪಾಠ ಹೇಳ್ತಿಯೇನ್ಲೇ?”

ದಾವಲಸಾಬ ಹೆಡ್ ಕೂರಿಸಿದ. ಸ್ಟಾರ್ಟ್ ಮಾಡುವ ಮೊದಲು ಇಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುವುದು ಅವನ ಪದ್ಧತಿ. ನಟ್ಟು ತಿರುಗಿಸುವ ಪಾನಾವನ್ನು ಅಧ್ಯಕ್ಷರ ಮುಂದೆ ಹಿಡಿದ. “ಉದ್ಘಾಟನೆ ತಮ್ಮ ಅಮೃತಹಸ್ತದಿಂದನ ಆಗ್ಲಿ ಸಾಹೇಬ್ರ.”

ಉದ್ಘಾಟನೆಗೆ ಅವರೆಂದೂ ಒಲ್ಲೆ ಎಂದವರಲ್ಲ. ತೋಳೇರಿಸಿ ತಿರುಗಿಸಿದರು. ಅರ್ಧ ಸುತ್ತಿಗೇ ಟಕ್ ಎಂದು ನಿಂತಿತು. ಬೆವರು ಸುರಿಸಿದರೂ ಅಲುಗಲಿಲ್ಲ.

“ಕೀಲಿ ಹಾಕಿ ಸ್ಟಾರ್ಟ್ ಮಾಡ್ಲ್ಯಾ?” ಎಂದ ದಾವಲಸಾಬ.

“ಬ್ಯಾಡೋ ಮಾರಾಯಾ, ಹಳೇದನ್ನ ಹಾಕು.”

ಮರುದಿನ ಚಹಾದಂಗಡಿಯಲ್ಲಿ ಅಧ್ಯಕ್ಷರು ಎಲ್ಲರಿಗೂ ಹೇಳುತ್ತಿದ್ದರು: “ಮೊದಲು ಕೈಲೆ ತಿರುಗಿಸಿ ನೋಡು ಅಂತ ಅವಂಗ ಕಲಿಸಿದಾವನ ನಾನು.”

ದಾವಲಸಾಬ ಹೌದೆಂದು ತಲೆಯಾಡಿಸಿ, ಗುರುಗಳಿಗೆ ಇನ್ನೊಂದು ಚಹಾ ಹೇಳಿದ.